ಎಎಂಎಲ್‌ಗೆ ಜೀನ್ ಟೆಸ್ಟ್: ಯಾವುದು ಮೊದಲು, ಯಾವುದು ಆಮೇಲೆ, ರಿಪೋರ್ಟ್ ಬಂದ ಮೇಲೆ ಏನು ಕೇಳಬೇಕು

ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ ಎಂದು ಗೊತ್ತಾದ ದಿನವೇ ಮನೆಯವರ ಕೈಗೆ ಒಂದು ಉದ್ದನೆಯ ಚೀಟಿ ಬರುತ್ತದೆ. ಫ್ಲೋ ಸೈಟೋಮೆಟ್ರಿ, ಕ್ಯಾರಿಯೋಟೈಪ್, ಫಿಶ್, ಎಫ್‌ಎಲ್‌ಟಿ3, ಎನ್‌ಜಿಎಸ್ ಪ್ಯಾನೆಲ್. ಬೋನ್ ಮ್ಯಾರೋ ತೆಗೆದ ನೋವು ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲೇ ಬಿಲ್ಲಿಂಗ್ ಕೌಂಟರಿನಲ್ಲಿ "ಎಲ್ಲಾ ಮಾಡಿಸ್ತೀರಾ, ಕೆಲವು ಬಿಡ್ತೀರಾ" ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಯಾರಿಗೆ ತಾನೇ ಏನು ತೋಚುತ್ತೆ? ಕೆಲವರು ಸಾಲ ಮಾಡಿ ಎಲ್ಲವನ್ನೂ ಮಾಡಿಸುತ್ತಾರೆ. ಕೆಲವರು ದುಬಾರಿ ಕಂಡದ್ದನ್ನೆಲ್ಲ ಸುಮ್ನೆ ಹೊಡೆದು ಹಾಕುತ್ತಾರೆ. ಎರಡರಲ್ಲೂ ಎಡವಟ್ಟಾಗಬಹುದು.

ನಾನು ಹೇಳಬೇಕೆಂದಿರುವುದು ಒಂದೇ. ಈ ಟೆಸ್ಟ್‌ಗಳಿಗೆ ಒಂದು ಕ್ಯಾಲೆಂಡರ್ ಇದೆ. ಒಂದೊಂದು ಟೆಸ್ಟ್‌ಗೂ ಒಂದೊಂದು ನಿರ್ಧಾರ ಕಾಯುತ್ತಿರುತ್ತದೆ, ಆ ನಿರ್ಧಾರ ಇಂಥ ದಿನದೊಳಗೆ ಆಗಬೇಕು ಅಂತಲೂ ಇರುತ್ತದೆ. ರಿಪೋರ್ಟ್ ಅಷ್ಟರೊಳಗೆ ಬಂದರೆ ಔಷಧಿ ಬದಲಾಗುತ್ತದೆ. ತಡವಾದರೆ ಎಷ್ಟೇ ದುಡ್ಡು ಕೊಟ್ಟು ಮಾಡಿಸಿದ್ದರೂ ಅದು ಫೈಲಿನಲ್ಲಿ ಒಂದು ಕಾಗದ, ಅಷ್ಟೇ. ಹಾಗಾಗಿ "ಯಾವ ಟೆಸ್ಟ್" ಎನ್ನುವುದಕ್ಕಿಂತ "ಯಾವ ದಿನದೊಳಗೆ" ಎಂದು ಕೇಳುವುದನ್ನು ಮೊದಲು ಕಲಿಯಿರಿ.

ಚಿಕಿತ್ಸೆ ನಿರ್ಧರಿಸುವವರು ಹೆಮಟಾಲಜಿಸ್ಟ್, ಅಂದರೆ ರಕ್ತದ ಕಾಯಿಲೆಗಳ ತಜ್ಞರು. ಇದು ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ.

ಮೊದಲು ಸ್ಯಾಂಪಲ್ ಸರಿ ಇರಲಿ

ಎಎಂಎಲ್ ಎಂದರೆ ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ. ಮೂಳೆಯ ಮಜ್ಜೆಯಲ್ಲಿ ಬೆಳೆಯಬೇಕಾದ ಬಿಳಿ ರಕ್ತಕಣಗಳು ಎಳೆಯ ಹಂತದಲ್ಲೇ ನಿಂತುಬಿಟ್ಟು, ಮೇಲಿಂದ ಮೇಲೆ ಹೆಚ್ಚುತ್ತಾ ಹೋಗುತ್ತವೆ. ಈ ಎಳೆ ಕಣಗಳಿಗೆ ಬ್ಲಾಸ್ಟ್ ಅನ್ನುತ್ತಾರೆ. ಸಾಮಾನ್ಯವಾಗಿ ಮಜ್ಜೆಯಲ್ಲಿ ನೂರಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ಬ್ಲಾಸ್ಟ್ ಇದ್ದರೆ ಎಎಂಎಲ್. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಬ್ಬರ ಕಾಯಿಲೆ ಒಂದೇ ಥರ ಕಾಣಬಹುದು. ಒಳಗಿನ ಜೀನ್ ನೋಡಿದರೆ ಅವು ಬೇರೆ ಬೇರೆ ಕಾಯಿಲೆಗಳೇ ಎನ್ನಬೇಕು. ಒಂದಕ್ಕೆ ಕೀಮೋ ಸಾಕು, ಇನ್ನೊಂದಕ್ಕೆ ಬೇರೆಯವರ ಮಜ್ಜೆ ಹಾಕುವ ಟ್ರಾನ್ಸ್‌ಪ್ಲಾಂಟ್ ಬೇಕು, ಮತ್ತೊಂದಕ್ಕೆ ಮಾತ್ರೆಯೇ ಇದೆ.

ಇದೆಲ್ಲ ತಿಳಿಯುವುದು ಸೊಂಟದ ಮೂಳೆಯ ಹಿಂಭಾಗದಿಂದ ತೆಗೆಯುವ ಒಂದಿಷ್ಟು ಮ್ಯಾರೋದಿಂದ. ಸಿರಿಂಜ್ ಎಳೆದಾಗ ಮೊದಲು ಬರುವ ಒಂದೆರಡು ಎಂಎಲ್‌ನಲ್ಲಿ ಮಜ್ಜೆಯ ಕಣಗಳು ದಟ್ಟವಾಗಿರುತ್ತವೆ. ಮತ್ತೆ ಮತ್ತೆ ಎಳೆದಷ್ಟೂ ರಕ್ತ ಬೆರೆಯುತ್ತದೆ. ಅದಾದ ಮೇಲೆ ಟ್ಯೂಬ್. ಡಿಎನ್‌ಎ ಟೆಸ್ಟ್‌ಗಳಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ರೋಮೋಸೋಮ್‌ಗಳನ್ನು ನೋಡುವ ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬ್. ಅದಲು ಬದಲಾದರೆ ಕಷ್ಟ. ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಹುಡುಕುವ ವಿಧಾನಕ್ಕೆ ಪಿಸಿಆರ್ ಎನ್ನುತ್ತಾರೆ, ಹೆಪಾರಿನ್ ಆ ಕ್ರಿಯೆಗೇ ಅಡ್ಡ ಬರುತ್ತದೆ. ಕ್ಯಾರಿಯೋಟೈಪ್‌ಗೆ ಜೀವಂತ ಕಣಗಳು ಬೇಕು, ಅವು ಲ್ಯಾಬಿನಲ್ಲಿ ವಿಭಜನೆಯಾದರೇನೇ ಕ್ರೋಮೋಸೋಮ್ ಕಾಣುವುದು, ಹಾಗಾಗಿ ಅದನ್ನು ಫ್ರೀಜ್ ಮಾಡುವಂತಿಲ್ಲ, ತಡ ಮಾಡುವಂತೆಯೂ ಇಲ್ಲ.

ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಮ್ಯಾರೋ ತೆಗೆದು ಬೆಂಗಳೂರಿಗೆ ಕೊರಿಯರ್ ಮಾಡುವವರು ಇದನ್ನು ಗಮನದಲ್ಲಿಡಿ. ಶನಿವಾರ ಸಂಜೆ ತೆಗೆದ ಸ್ಯಾಂಪಲ್ ಸೋಮವಾರ ಮಧ್ಯಾಹ್ನ ಲ್ಯಾಬ್ ಮುಟ್ಟಿದರೆ ಡಿಎನ್‌ಎ ಬಹುಶಃ ಸಿಕ್ಕೀತು, ಕ್ಯಾರಿಯೋಟೈಪ್ ಮಾತ್ರ "ಕಣ ಬೆಳೆಯಲಿಲ್ಲ" ಎಂದು ವಾಪಸ್ ಬರುವ ಸಾಧ್ಯತೆ ಜಾಸ್ತಿ. ರೋಗಿಯ ಪರಿಸ್ಥಿತಿ ಬಿಟ್ಟುಕೊಡುವಂತಿದ್ದರೆ ಸೋಮವಾರ ಬೆಳಿಗ್ಗೆಯೇ ತೆಗೆಯಬಹುದಾ ಎಂದು ಕೇಳಿ. ಇನ್ನು ಕೆಲವರಿಗೆ ಎಷ್ಟು ಎಳೆದರೂ ಮ್ಯಾರೋ ಬರುವುದೇ ಇಲ್ಲ. ಗಾಬರಿ ಬೇಡ. ರಕ್ತದಲ್ಲೇ ಬ್ಲಾಸ್ಟ್ ಸಾಕಷ್ಟಿದ್ದರೆ ಜೀನ್ ಟೆಸ್ಟ್‌ಗೆ ಕೈಯಿಂದ ತೆಗೆದ ರಕ್ತವೂ ನಡೆಯುತ್ತದೆ.

ಏನೇ ಆಗಲಿ, ಕೀಮೋ ಶುರುವಾಗುವ ಮುಂಚೆ ಸ್ಯಾಂಪಲ್ ತೆಗೆದಿರಬೇಕು. ಈಗ ಎಲ್ಲ ಟೆಸ್ಟ್‌ಗೂ ದುಡ್ಡಿಲ್ಲ ಎಂದಾದರೆ ಡಿಎನ್‌ಎಯನ್ನಾದರೂ ತೆಗೆದು ಇಟ್ಟುಕೊಳ್ಳಲು ಹೇಳಿ. ಕೀಮೋ ಆದ ಮೇಲೆ ಹೊಸ ಸ್ಯಾಂಪಲ್ ತೆಗೆದು ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ಆಗುವುದಿಲ್ಲ.

ಮೊದಲ ಇಪ್ಪತ್ನಾಲ್ಕು ಗಂಟೆ: ಇದು ಎಪಿಎಲ್ ಹೌದಾ ಅಲ್ವಾ?

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು. ಎಪಿಎಲ್ ಎನ್ನುವುದು ಎಎಂಎಲ್‌ನ ಒಂದು ಬಗೆ. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗಿ ಪಿಎಂಎಲ್-ಆರ್‌ಎಆರ್‌ಎ ಎಂಬ ಬೆಸುಗೆ ಜೀನ್ ಹುಟ್ಟಿರುತ್ತದೆ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟು ಮೆದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವ. ಮೊದಲ ಕೆಲವು ದಿನಗಳೇ ತೀರಾ ಅಪಾಯದವು. ಅದಕ್ಕೇ ಸ್ಲೈಡ್ ನೋಡಿ ಅನುಮಾನ ಬಂದ ಕೂಡಲೇ, ಜೀನ್ ರಿಪೋರ್ಟ್‌ಗೆ ಕಾಯದೆ, ಎಟಿಆರ್‌ಎ ಎಂಬ ಕ್ಯಾಪ್ಸೂಲ್ ಶುರು ಮಾಡುತ್ತಾರೆ. ಇದು ವಿಟಮಿನ್ ಎ ವಂಶದ ಔಷಧಿ. ಫಿಶ್ (ಹೊಳೆಯುವ ಬಣ್ಣ ಅಂಟಿಸಿ ಕ್ರೋಮೋಸೋಮ್ ಬದಲಾವಣೆ ಹುಡುಕುವ ಟೆಸ್ಟ್) ಅಥವಾ ಪಿಸಿಆರ್ ಒಂದೆರಡು ದಿನದಲ್ಲಿ ಹೌದೋ ಅಲ್ಲವೋ ಹೇಳುತ್ತದೆ. ಅಲ್ಲ ಎಂದಾದರೆ ಕ್ಯಾಪ್ಸೂಲ್ ನಿಲ್ಲಿಸಿದರಾಯಿತು.

ಈ ಹಂತ ದಾಟಿದರೆ ಎಪಿಎಲ್‌ನಷ್ಟು ಚೆನ್ನಾಗಿ ಗುಣವಾಗುವ ಎಎಂಎಲ್ ಇನ್ನೊಂದಿಲ್ಲ. ಬಿಳಿ ಕಣ ತುಂಬಾ ಏರಿರದವರಲ್ಲಿ ಎಟಿಆರ್‌ಎ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಟ್ಟರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಗುಣವಾಗುತ್ತಾರೆ, ಅದೂ ಮಾಮೂಲಿ ಕೀಮೋ ಇಲ್ಲದೆ. ಹೌದು, ಆರ್ಸೆನಿಕ್ ಎಂದರೆ ಅದೇ ಪಾಷಾಣ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿಯವರು ಬರೀ ಆರ್ಸೆನಿಕ್ ಒಂದನ್ನೇ ಮುಖ್ಯ ಔಷಧಿಯಾಗಿ ಕೊಟ್ಟು 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದ್ದರು. ದುಡ್ಡಿಲ್ಲದ ರೋಗಿಗಳಿಗೂ ದೀರ್ಘಕಾಲದ ಗುಣ ಸಿಗಬಹುದು ಎಂದು ತೋರಿಸಿದ ಕೆಲಸ ಅದು, ನನ್ನ ಮಟ್ಟಿಗೆ ಬಹಳ ದೊಡ್ಡದು.

ಮೊದಲ ವಾರ

ಎಪಿಎಲ್ ಅಲ್ಲ ಎಂದು ಗೊತ್ತಾಯಿತು. ಇನ್ನು ಯುರೋಪಿನ ಲುಕೇಮಿಯಾ ತಜ್ಞರ ಗುಂಪು, ಅಂದರೆ ಇಎಲ್‌ಎನ್, 2022ರಲ್ಲಿ ಹೇಳಿದ ಅವಧಿ ನೋಡಿ. ಎಫ್‌ಎಲ್‌ಟಿ3, ಎನ್‌ಪಿಎಂ1, ಐಡಿಎಚ್1, ಐಡಿಎಚ್2 ಈ ನಾಲ್ಕು ಜೀನ್‌ಗಳ ಉತ್ತರ 3ರಿಂದ 5 ದಿನದಲ್ಲಿ ಬರಬೇಕು. ಕ್ರೋಮೋಸೋಮ್ ರಿಪೋರ್ಟ್ 5ರಿಂದ 7 ದಿನದಲ್ಲಿ. ಉಳಿದ ಜೀನ್‌ಗಳದ್ದು ಮೊದಲ ಕೀಮೋ ಸುತ್ತು ಮುಗಿಯುವುದರೊಳಗೆ ಬಂದರೆ ಸಾಕು.

ಯಾಕೆ ಹೀಗೆ ಎಂದು ಔಷಧಿ ನೋಡಿದರೆ ಅರ್ಥವಾಗುತ್ತದೆ. ವಯಸ್ಸು, ಮೈಕಟ್ಟು ಗಟ್ಟಿ ಇದ್ದವರಿಗೆ ಕೊಡುವ ಮಾಮೂಲಿ ಕೀಮೋ "ಸೆವೆನ್ ಪ್ಲಸ್ ತ್ರೀ": ಏಳು ದಿನ ಸೈಟರಾಬಿನ್, ಮೂರು ದಿನ ಡೌನೋರೂಬಿಸಿನ್. ಎಫ್‌ಎಲ್‌ಟಿ3 ಮ್ಯುಟೇಶನ್ ಇದ್ದರೆ ಇದಕ್ಕೆ ಮಿಡೋಸ್ಟಾರಿನ್ ಎಂಬ ಮಾತ್ರೆ ಸೇರಿಸುತ್ತಾರೆ, ಅದು ಶುರುವಾಗುವುದು ಎಂಟನೇ ದಿನ. ಅಂದರೆ ಎಫ್‌ಎಲ್‌ಟಿ3 ರಿಪೋರ್ಟ್ ನಿಮಗೆ ಬೇಕಾಗಿರುವುದು ಎಂಟನೇ ದಿನದೊಳಗೆ, ಮೂರು ವಾರದ ನಂತರ ಬರುವ ದೊಡ್ಡ ಪ್ಯಾನೆಲ್‌ನ ಒಂಬತ್ತನೇ ಪುಟದಲ್ಲಿ ಅಲ್ಲ! 717 ಜನರ ಮೇಲೆ ನಡೆದ ರ‍್ಯಾಟಿಫೈ ಅಧ್ಯಯನದಲ್ಲಿ ನಾಲ್ಕು ವರ್ಷದ ನಂತರ ಬದುಕಿದ್ದವರು ಮಿಡೋಸ್ಟಾರಿನ್ ಗುಂಪಿನಲ್ಲಿ ನೂರಕ್ಕೆ 51.4, ಬರೀ ಕೀಮೋ ಗುಂಪಿನಲ್ಲಿ 44.3. ಪವಾಡವೇನಲ್ಲ. ಆದರೆ ನೂರರಲ್ಲಿ ಏಳು ಜನ ಎಂದರೆ ಏಳು ಮನೆ. ಎಎಂಎಲ್ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಎಫ್‌ಎಲ್‌ಟಿ3 ಬದಲಾವಣೆ ಇರುತ್ತದೆ, ಹಾಗಾಗಿ ಇದು ಅಪರೂಪದ ಪ್ರಶ್ನೆಯೂ ಅಲ್ಲ.

ಇನ್ನೊಂದು ಉದಾಹರಣೆ. 8 ಮತ್ತು 21ರ ಅದಲು ಬದಲು, ಇಲ್ಲವೇ 16ನೇ ಕ್ರೋಮೋಸೋಮ್ ತಿರುವು ಇದ್ದರೆ ಅದು ಒಳ್ಳೆಯ ಗುಂಪಿನ, ಅಂದರೆ ಕೀಮೋಗೆ ಚೆನ್ನಾಗಿ ಬಗ್ಗುವ ಎಎಂಎಲ್. ಇವರಿಗೆ ಜೆಮ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಸೇರಿಸಿದರೆ ಲಾಭ ಹೆಚ್ಚು. ಸಿಗುವ ಕಡೆ ಅದನ್ನು ಕೀಮೋದ ಮೊದಲ ವಾರದಲ್ಲೇ ಕೊಡುವುದು. ಅದಕ್ಕೆ ಕ್ಯಾರಿಯೋಟೈಪ್ ತಡವಾಗುವ ಲ್ಯಾಬ್ ಆದರೆ ಫಿಶ್ ಅಥವಾ ಪಿಸಿಆರ್ ಬೇಗ ಮಾಡಿಸಿ ಎಂದು ಕೇಳುವುದು.

"ಕ್ಯಾನ್ಸರ್ ಅಂತ ಗೊತ್ತಾಗಿ ಐದು ದಿನ ಆಯ್ತು, ಇನ್ನೂ ಔಷಧಿ ಶುರು ಮಾಡಿಲ್ಲ" ಎಂದು ನೆಂಟರು ಫೋನ್ ಮಾಡಿ ತಲೆ ತಿನ್ನುತ್ತಾರೆ. ಅವರಿಗೆ ಹೇಳಲು ಒಂದು ಉತ್ತರ ಇದೆ. ಜರ್ಮನಿಯ ನೋಂದಣಿ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಚಿಕಿತ್ಸೆ ಕೆಲವು ದಿನ ತಡವಾಗಿ ಶುರುವಾದವರು ಬೇಗ ಶುರು ಮಾಡಿದವರಿಗಿಂತ ಕಡಿಮೆ ಬದುಕಲಿಲ್ಲ. ಅದೇ ವರ್ಷ ಬಂದ ಅಮೆರಿಕದ ಬೀಟ್ ಎಎಂಎಲ್ ಅಧ್ಯಯನ 60 ದಾಟಿದ ರೋಗಿಗಳಲ್ಲಿ ಏಳು ದಿನದೊಳಗೆ ಜೀನ್ ರಿಪೋರ್ಟ್ ತರಿಸಿ, ಅದನ್ನು ನೋಡಿ ಚಿಕಿತ್ಸೆ ಆರಿಸಬಹುದು ಎಂದು ತೋರಿಸಿತು. ಇದು ಸ್ಥಿರವಾಗಿರುವ ರೋಗಿಗೆ ಮಾತ್ರ. ಬಿಳಿ ಕಣ ಲಕ್ಷ ದಾಟಿದ್ದರೆ, ಉಸಿರು ಕಟ್ಟುತ್ತಿದ್ದರೆ, ರಕ್ತಸ್ರಾವ ಆಗುತ್ತಿದ್ದರೆ ಯಾವ ರಿಪೋರ್ಟೂ ಕಾಯುವ ಹಾಗಿಲ್ಲ. ಬರೀ ಬಿಳಿ ಕಣ ಏರುತ್ತಿದೆ ಎಂದಾದರೆ ಹೈಡ್ರಾಕ್ಸಿಯೂರಿಯಾ ಕೊಟ್ಟು ಒಂದೆರಡು ದಿನ ತಡೆಹಿಡಿಯುವುದುಂಟು.

ದುಡ್ಡು ಕಡಿಮೆ ಇದ್ದರೆ

ಇದು ನನ್ನ ಅಭಿಪ್ರಾಯ, ಡಾಕ್ಟರ ಹತ್ತಿರ ಇಟ್ಟು ನೋಡಿ. ಕಣಗಳ ಮೇಲಿನ ಗುರುತು ನೋಡಿ ಅವು ಯಾವ ಬಗೆ ಎಂದು ಹೇಳುವ ಫ್ಲೋ ಸೈಟೋಮೆಟ್ರಿ ಮತ್ತು ಕ್ರೋಮೋಸೋಮ್ ಟೆಸ್ಟ್ ಬಿಡಬೇಡಿ. ಎಫ್‌ಎಲ್‌ಟಿ3, ಎನ್‌ಪಿಎಂ1 ಎರಡನ್ನೂ ಪಿಸಿಆರ್‌ನಲ್ಲಿ ಮಾಡಿಸಿ. ಇವು ಎನ್‌ಜಿಎಸ್‌ಗಿಂತ, ಅಂದರೆ ಹತ್ತಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪ್ಯಾನೆಲ್‌ಗಿಂತ, ಅಗ್ಗ, ಬೇಗ. ಪ್ಯಾನೆಲ್ ಮಾಡಿಸುವುದಾದರೆ ಐನೂರು ಜೀನ್‌ನ ಪ್ಯಾನೆಲ್ ಬೇಕಿಲ್ಲ. ಲುಕೇಮಿಯಾಕ್ಕೆಂದೇ ಮಾಡಿದ ಮೂವತ್ತು, ಐವತ್ತು ಜೀನ್‌ನದ್ದು ಸಾಕು. ಜೀನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬುದು ಮಾರಾಟದ ಮಾತು. ಗಡ್ಡೆ ಕ್ಯಾನ್ಸರ್‌ಗೆ ಮಾಡಿದ ದೊಡ್ಡ ಪ್ಯಾನೆಲ್ ತಂದು ಲುಕೇಮಿಯಾಕ್ಕೆ ಹಾಕಿದರೆ ಪುಟ ಹೆಚ್ಚಾಗುತ್ತೆ, ಉತ್ತರ ಹೆಚ್ಚಾಗೋದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಯಾವ ಟೆಸ್ಟ್ ಪ್ಯಾಕೇಜಿನೊಳಗೆ ಬರುತ್ತದೆ, ಯಾವುದು ಹೊರಗೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಹೊರಗಿನ ಲ್ಯಾಬಿಗೆ ಕಳಿಸುವ ಟೆಸ್ಟ್‌ಗೆ ಕೈಯಿಂದ ಕೊಡಬೇಕಾಗಿ ಬಂದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಅವತ್ತೇ ಕಾಣಿ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಿ ಪರಿಹಾರ ನಿಧಿಗೆಲ್ಲ ಅಂದಾಜು ವೆಚ್ಚದ ಪತ್ರ ಬೇಕಾಗುತ್ತದೆ, ಅದನ್ನು ಮಾಡಿಸಲೇ ದಿನ ಹಿಡಿಯುತ್ತೆ.

ರಿಪೋರ್ಟ್ ಬಂತು, ಈಗ ಹೇಗೆ ಓದುವುದು

ಮೊದಲ ಪುಟದ ಕೋಷ್ಟಕ ನೋಡಿ. ಜೀನ್ ಹೆಸರು, ಪಕ್ಕದಲ್ಲಿ ಬದಲಾವಣೆಯ ಗುರುತು, ಅದರ ಪಕ್ಕದಲ್ಲಿ ವಿಎಎಫ್ ಎಂದು ಒಂದು ಶೇಕಡಾವಾರು, ಕೊನೆಗೆ ಟಿಯರ್ 1, 2, 3 ಎಂಬ ಶ್ರೇಣಿ ಇರುತ್ತದೆ. ಟಿಯರ್ 1 ಎಂದರೆ ಚಿಕಿತ್ಸೆಗೋ ಮುನ್ನೋಟಕ್ಕೋ ಗಟ್ಟಿ ಅರ್ಥ ಇರುವಂಥದ್ದು. ಟಿಯರ್ 3 ಎಂದರೆ ಅರ್ಥ ಇನ್ನೂ ಗೊತ್ತಿಲ್ಲದ್ದು, ಅದರ ಬಗ್ಗೆ ರಾತ್ರಿಯೆಲ್ಲ ಗೂಗಲ್ ಮಾಡಿ ನಿದ್ದೆಗೆಡಬೇಡಿ.

ವಿಎಎಫ್ ಅಂದರೆ ಓದಿದ ಡಿಎನ್‌ಎ ಪ್ರತಿಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಬದಲಾವಣೆ ಕಂಡಿತು ಎಂಬ ಲೆಕ್ಕ. ನಮ್ಮ ಕಣಗಳಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿ. ಕ್ಯಾನ್ಸರ್ ಕಣದಲ್ಲಿ ಸಾಮಾನ್ಯವಾಗಿ ಒಂದು ಪ್ರತಿ ಮಾತ್ರ ಕೆಟ್ಟಿರುತ್ತದೆ. ಹಾಗಾಗಿ ವಿಎಎಫ್ 40 ಇದ್ದರೆ ಸ್ಯಾಂಪಲ್‌ನ ಸುಮಾರು 80 ಭಾಗ ಕಣಗಳಲ್ಲಿ ಆ ಮ್ಯುಟೇಶನ್ ಇದೆ ಎಂದು ಸ್ಥೂಲವಾಗಿ ಅಂದುಕೊಳ್ಳಬಹುದು. "ವಿಎಎಫ್ 40, ಅಂದ್ರೆ ಕ್ಯಾನ್ಸರ್ 40 ಪರ್ಸೆಂಟ್" ಎಂದು ಹೇಳುವವರಿದ್ದಾರೆ, ಅದು ಹಾಗಲ್ಲ.

ಒಂದು ಸಾಲು ಹತ್ತಿರದಿಂದ ನೋಡೋಣ. ಎನ್‌ಪಿಎಂ1 ಎದುರಿಗೆ "ಸಿ.860_863" ಮತ್ತು "ಡಪ್" ಎಂದಿದ್ದರೆ, ಆ ಜಾಗದ ನಾಲ್ಕು ಅಕ್ಷರ ಎರಡೆರಡು ಸಲ ಬಂದಿದೆ ಎಂದರ್ಥ. ಇದಕ್ಕೆ ಟೈಪ್ ಎ ಎನ್ನುತ್ತಾರೆ, ಎನ್‌ಪಿಎಂ1 ಇರುವವರಲ್ಲಿ ಹೆಚ್ಚಿನವರದ್ದು ಇದೇ. ಬಿ, ಡಿ ಮುಂತಾದ ಬಗೆಗಳೂ ಇವೆ. ಬಗೆ ಯಾವುದಾದರೂ ಮೊದಲ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ಮುಂದೆ ಕಾಯಿಲೆಯ ಕುರುಹು ಹುಡುಕುವ ಪಿಸಿಆರ್ ಮಾಡುವಾಗ ಲ್ಯಾಬಿಗೆ ಈ ಬಗೆ ಗೊತ್ತಿರಲೇಬೇಕು. ಟೈಪ್ ಎ ಹುಡುಕುವ ಕಿಟ್ ಬೇರೆ ಬಗೆಯನ್ನು ಕಾಣದೇ ಹೋಗಬಹುದು. ಅದಕ್ಕೆ ಬರೀ "ಎನ್‌ಪಿಎಂ1 ಪಾಸಿಟಿವ್" ಎಂದು ಬರೆದ ರಿಪೋರ್ಟ್ ಸಾಲದು, ಬಗೆ ಬರೆಸಿಕೊಳ್ಳಿ.

ಎಫ್‌ಎಲ್‌ಟಿ3ದಲ್ಲೂ ಹೀಗೇ. ಬದಲಾವಣೆಯಲ್ಲಿ ಎರಡು ಬಗೆ. ಜೀನ್‌ನ ಒಂದು ತುಂಡು ಎರಡೆರಡು ಸಲ ಬಂದಿದ್ದರೆ ಐಟಿಡಿ, ಸಾಮಾನ್ಯವಾಗಿ ಒಂದು ಅಕ್ಷರದಷ್ಟು ಬದಲಾಗಿದ್ದರೆ ಟಿಕೆಡಿ. ಎಫ್‌ಎಲ್‌ಟಿ3 ಮಾತ್ರೆಗಳಲ್ಲಿ ಮಿಡೋಸ್ಟಾರಿನ್, ಗಿಲ್ಟೆರಿಟಿನಿಬ್ ಈ ಎರಡೂ ಬಗೆಗೆ ಕೆಲಸ ಮಾಡುತ್ತವೆ. ಕ್ವಿಝಾರ್ಟಿನಿಬ್, ಸೊರಾಫೆನಿಬ್ ಐಟಿಡಿಗೆ ಸರಿ, ಟಿಕೆಡಿಗೆ ಅಲ್ಲ. ನಮ್ಮಲ್ಲಿ ಇದು ಬರೀ ಪುಸ್ತಕದ ವಿಷಯ ಅಲ್ಲ. ಸೊರಾಫೆನಿಬ್‌ಗೆ 2012ರಲ್ಲಿ ಭಾರತ ಸರ್ಕಾರದ ಪೇಟೆಂಟ್ ಕಚೇರಿ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವ ಕಂಪನಿ ಒಪ್ಪದಿದ್ದರೂ ಬೇರೆ ಕಂಪನಿ ತಯಾರಿಸಬಹುದು ಎಂಬ ಅನುಮತಿ) ಕೊಟ್ಟಿತು, ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದ ಔಷಧಿಯನ್ನು ಹೈದರಾಬಾದಿನ ನ್ಯಾಟ್ಕೋ 8,800 ರೂಪಾಯಿಗೆ ಕೊಡಬೇಕಾಯಿತು. ಅದು ಲಿವರ್, ಕಿಡ್ನಿ ಕ್ಯಾನ್ಸರ್‌ಗೆಂದು ಬಂದ ಮಾತ್ರೆ. ಆದರೆ ಹೊಸ ಎಫ್‌ಎಲ್‌ಟಿ3 ಮಾತ್ರೆಗಳ ಬೆಲೆ ಕೈಗೆಟುಕದಾಗ ಇಲ್ಲಿನ ಡಾಕ್ಟರುಗಳು ಇದನ್ನು ಬಳಸುವುದುಂಟು, ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಕಾಯಿಲೆ ಮರಳದಂತೆ ಕೊಡಲು ಇದಕ್ಕೆ ಒಳ್ಳೆಯ ಆಧಾರವೂ ಇದೆ. ನಿಮ್ಮ ರಿಪೋರ್ಟ್‌ನಲ್ಲಿ ಐಟಿಡಿ ಇದೆಯೋ ಟಿಕೆಡಿ ಇದೆಯೋ ಎನ್ನುವುದು ಅಲ್ಲಿ ನೇರವಾಗಿ ಜೇಬಿಗೆ ಸಂಬಂಧಿಸಿದ ಪ್ರಶ್ನೆ.

"ಕಂಡುಬಂದಿಲ್ಲ" ಎಂಬ ಮಾತನ್ನೂ ಎಚ್ಚರದಿಂದ ಓದಿ. ನೋಡಿ ಕಾಣಲಿಲ್ಲವೋ, ನೋಡಲೇ ಇಲ್ಲವೋ? ಕೊನೆಯ ಪುಟಗಳಲ್ಲಿ ಯಾವ ಯಾವ ಜೀನ್ ಪರೀಕ್ಷಿಸಿದರು ಎಂಬ ಪಟ್ಟಿ ಇರುತ್ತದೆ, ಅದು ಜಾಹೀರಾತಿನ ಪುಟವಲ್ಲ, ಓದಿ. ಬರೀ ಡಿಎನ್‌ಎ ನೋಡುವ ಪ್ಯಾನೆಲ್‌ಗೆ ಬೆಸುಗೆ ಜೀನ್‌ಗಳು ಕಾಣದೇ ಇರಬಹುದು. ಉದ್ದನೆಯ ಐಟಿಡಿಗಳು ಎನ್‌ಜಿಎಸ್ ಕಣ್ಣಿಗೆ ತಪ್ಪಿಸಿಕೊಳ್ಳುವುದು ಹೊಸದಲ್ಲ. ಅದಕ್ಕೇ ಎಫ್‌ಎಲ್‌ಟಿ3ಗೆ ಫ್ರ್ಯಾಗ್ಮೆಂಟ್ ಅನಾಲಿಸಿಸ್ ಎಂಬ ಹಳೆಯ ಪಿಸಿಆರ್ ವಿಧಾನವೇ ಇನ್ನೂ ನಂಬಿಕೆಯದ್ದು.

ಟ್ರಾನ್ಸ್‌ಪ್ಲಾಂಟ್ ಬೇಕಾ ಬೇಡ್ವಾ

ಜೀನ್ ರಿಪೋರ್ಟ್‌ನ ನಿಜವಾದ ತೂಕ ಇಲ್ಲಿ. ಇಎಲ್‌ಎನ್ ಪಟ್ಟಿಯಲ್ಲಿ ಮೂರು ಗುಂಪು: ಒಳ್ಳೆಯದು, ನಡುವಿನದು, ಕೆಟ್ಟದ್ದು. ಐಟಿಡಿ ಇಲ್ಲದ ಎನ್‌ಪಿಎಂ1 ಒಳ್ಳೆಯದರಲ್ಲಿ. ಐಟಿಡಿ ಸೇರಿಕೊಂಡರೆ ನಡುವಿನದು. ಟಿಪಿ53, ಮೂರಕ್ಕಿಂತ ಕಡಿಮೆಯಿಲ್ಲದಷ್ಟು ಕ್ರೋಮೋಸೋಮ್ ಗಲಾಟೆ, ಎಎಸ್‌ಎಕ್ಸ್‌ಎಲ್1, ಆರ್‌ಯುಎನ್‌ಎಕ್ಸ್1 ಮುಂತಾದವು ಕೆಟ್ಟದರಲ್ಲಿ. ಒಳ್ಳೆಯ ಗುಂಪಿನವರು ಕೀಮೋಗೆ ಚೆನ್ನಾಗಿ ಸ್ಪಂದಿಸಿದರೆ ಮೊದಲ ಸಲಕ್ಕೆ ಟ್ರಾನ್ಸ್‌ಪ್ಲಾಂಟ್ ಮಾಡುವುದಿಲ್ಲ. ಕೆಟ್ಟ ಗುಂಪಾದರೆ, ದೇಹ ತಡೆಯುವಂತಿದ್ದರೆ, ಕಾಯಿಲೆ ಹಿಡಿತಕ್ಕೆ ಬಂದ ಕೂಡಲೇ ಮಾಡುವ ಯೋಚನೆ ಇರುತ್ತದೆ.

ಅದಕ್ಕೆ ರಿಪೋರ್ಟ್ ಬರುವವರೆಗೂ ಕಾಯದೆ ರೋಗಿಯ ಮತ್ತು ಒಡಹುಟ್ಟಿದವರ ಎಚ್‌ಎಲ್‌ಎ ಟೆಸ್ಟ್, ಅಂದರೆ ಒಬ್ಬರ ಮ್ಯಾರೋ ಇನ್ನೊಬ್ಬರಿಗೆ ಹೊಂದುತ್ತದೆಯೇ ಎಂದು ನೋಡುವ ಟೆಸ್ಟ್ ಬಗ್ಗೆ ಕೇಳಿಡಿ. ಒಬ್ಬೊಬ್ಬ ಒಡಹುಟ್ಟಿದವರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಅರ್ಧ ಹೊಂದುವ ಅಪ್ಪ, ಅಮ್ಮ, ಮಕ್ಕಳು ಇದ್ದಾರೆ, ದಾತರ ನೋಂದಣಿ ಸಂಸ್ಥೆಗಳಿವೆ, ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಇಂಥವು.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ವಿಷಯ ಇದೆ. ಡಿಡಿಎಕ್ಸ್41, ಆರ್‌ಯುಎನ್‌ಎಕ್ಸ್1, ಸಿಇಬಿಪಿಎ, ಜಿಎಟಿಎ2 ಇಂಥ ಜೀನ್‌ಗಳಲ್ಲಿ ವಿಎಎಫ್ 50ರ ಹತ್ತಿರ ಇದ್ದರೆ ಅದು ಕ್ಯಾನ್ಸರ್ ಕಣದಲ್ಲಿ ಹೊಸದಾಗಿ ಹುಟ್ಟಿದ್ದೋ, ಹುಟ್ಟಿನಿಂದಲೇ ಬಂದದ್ದೋ ಎಂದು ಕೇಳಲೇಬೇಕು. ಹುಟ್ಟಿನಿಂದ ಬಂದದ್ದಾದರೆ ಅದೇ ಜೀನ್ ತಮ್ಮನಲ್ಲೂ ಇರಬಹುದು, ಪರೀಕ್ಷಿಸದೆ ಅದೇ ತಮ್ಮನ ಮ್ಯಾರೋ ತಂದು ಅಣ್ಣನಿಗೆ ಹಾಕಿದರೆ ಏನಾಗುತ್ತೆ ಯೋಚಿಸಿ. ಇದನ್ನು ಖಚಿತ ಮಾಡಲು ರಕ್ತ, ಜೊಲ್ಲು ಸಾಲದು, ಎರಡರಲ್ಲೂ ಲುಕೇಮಿಯಾ ಕಣ ಬೆರೆತಿರುತ್ತದೆ. ಚರ್ಮದ ಚೂರಿನಿಂದ ಕಣ ಬೆಳೆಸಿ ನೋಡುತ್ತಾರೆ, ಅದಕ್ಕೆ ವಾರಗಳು ಬೇಕು. ಕ್ಯಾಲೆಂಡರ್‌ನಲ್ಲಿ ಮೊದಲೇ ಬರೆದಿಡಬೇಕಾದ ಟೆಸ್ಟ್ ಇದು.

ಅಪ್ಪನಿಗೆ ಎಪ್ಪತ್ತು, ಗಟ್ಟಿ ಕೀಮೋ ಆಗಲ್ಲ ಅಂದರೆ

ಆಗ ಸಾಮಾನ್ಯವಾಗಿ ಕೊಡುವುದು ಅಜಾಸಿಟಿಡಿನ್ ಇಂಜೆಕ್ಷನ್ ಜೊತೆ ವೆನೆಟೋಕ್ಲಾಕ್ಸ್ ಮಾತ್ರೆ. 2020ರ ವಿಯಾಲೆ-ಎ ಅಧ್ಯಯನದಲ್ಲಿ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಜನ ಇಷ್ಟು ಕಾಲ ದಾಟಿ ಬದುಕಿದರು ಎಂಬ ಲೆಕ್ಕ) ಬರೀ ಅಜಾಸಿಟಿಡಿನ್‌ನಲ್ಲಿ 9.6 ತಿಂಗಳು, ಜೋಡಿಯಲ್ಲಿ 14.7 ತಿಂಗಳು. ಇಲ್ಲೂ ಜೀನ್ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಎನ್‌ಪಿಎಂ1, ಐಡಿಎಚ್ ಇದ್ದವರಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಟಿಪಿ53 ಇದ್ದವರಲ್ಲಿ ಹಿಡಿದರೂ ಬಹಳ ದಿನ ನಿಲ್ಲುವುದಿಲ್ಲ. ಐಡಿಎಚ್1 ಇದ್ದರೆ ಐವೊಸಿಡೆನಿಬ್ ಎಂಬ ಮಾತ್ರೆಯೂ ಇದೆ. ಅಜಾಸಿಟಿಡಿನ್ ಜೊತೆ ಅದನ್ನು ಕೊಟ್ಟಾಗ ಮಧ್ಯಮ ಅವಧಿ 7.9ರಿಂದ 24 ತಿಂಗಳಿಗೆ ಹೋಯಿತು. ಆದರೆ ಬೆಲೆ, ಸಿಗುವಿಕೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಒಂದು ವಿಷಯ ಒತ್ತಿ ಹೇಳುತ್ತೇನೆ. 2022ರ ಒಳ್ಳೆಯದು-ಕೆಟ್ಟದ್ದು ಪಟ್ಟಿ ಮಾಡಿದ್ದು ಗಟ್ಟಿ ಕೀಮೋ ತೆಗೆದುಕೊಂಡವರನ್ನು ನೋಡಿ. ಈ ಮೃದು ಚಿಕಿತ್ಸೆಯವರಿಗೆ ಅದು ಸರಿಯಾಗಿ ಹೊಂದುವುದಿಲ್ಲ ಎಂದು 2024ರಲ್ಲಿ ಇಎಲ್‌ಎನ್ ಬೇರೆಯದೇ ಪಟ್ಟಿ ಮಾಡಿತು. ಅದರಲ್ಲಿ ಕೆಟ್ಟದ್ದು ಎಂದರೆ ಮುಖ್ಯವಾಗಿ ಟಿಪಿ53. ಲ್ಯಾಬ್ ರಿಪೋರ್ಟ್‌ನಲ್ಲಿ ಎಎಸ್‌ಎಕ್ಸ್‌ಎಲ್1 ಇರುವ ಕಾರಣಕ್ಕೆ ಕೆಂಪಕ್ಷರದಲ್ಲಿ "ಕೆಟ್ಟ ಗುಂಪು" ಎಂದು ಬರೆದಿದ್ದರೆ, ಅದು ಯಾವ ಪಟ್ಟಿಯ ಪ್ರಕಾರ ಎಂದು ಡಾಕ್ಟರನ್ನು ಕೇಳಿ, ಆಮೇಲೆ ಎದೆಗುಂದುವುದೋ ಬಿಡುವುದೋ ನೋಡೋಣ.

ವೆನೆಟೋಕ್ಲಾಕ್ಸ್ ಜೊತೆ ಪೊಸಕೊನಜೋಲ್ ಎಂಬ ಫಂಗಸ್ ಔಷಧಿ ಕೊಟ್ಟರೆ 400 ಮಿಲಿಗ್ರಾಂ ಇದ್ದ ಪ್ರಮಾಣ 70ಕ್ಕೆ ಇಳಿಯುತ್ತದೆ, ಯಾಕೆಂದರೆ ಲಿವರ್‌ನಲ್ಲಿ ವೆನೆಟೋಕ್ಲಾಕ್ಸ್ ಕರಗಿಸುವ ಎನ್‌ಜೈಮನ್ನು ಪೊಸಕೊನಜೋಲ್ ಕಟ್ಟಿಹಾಕುತ್ತದೆ. "ಪಕ್ಕದ ಬೆಡ್‌ನವರಿಗೆ ನಾಲ್ಕು ಮಾತ್ರೆ, ನಮಗೆ ಯಾಕೆ ಕಮ್ಮಿ" ಎಂದು ಜಗಳಕ್ಕೆ ಹೋಗುವ ಮುಂಚೆ ಇದು ಗೊತ್ತಿರಲಿ. ಫಂಗಸ್ ಔಷಧಿ ನಿಂತರೆ ಪ್ರಮಾಣ ಮತ್ತೆ ಏರಬೇಕು, ಅದನ್ನು ನೆನಪಿಸುವುದು ನಿಮ್ಮ ಕೆಲಸ. ದ್ರಾಕ್ಷಿಹಣ್ಣು ತಿನ್ನಬಹುದು, ಗ್ರೇಪ್‌ಫ್ರೂಟ್ ಬೇಡ, ಧಾರೆಹುಳಿ ಬೇಡ. ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ ನಮ್ಮ ದೇವನಹಳ್ಳಿ ಚಕ್ಕೋತ, ಹಾಗಾಗಿ ಅದನ್ನೂ ದೂರ ಇಡುವುದೇ ಕ್ಷೇಮ. ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಎಟಿಆರ್‌ಎ, ಆರ್ಸೆನಿಕ್, ಐಡಿಎಚ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಜ್ವರ, ಏದುಸಿರು, ಊತ, ಒಂದೆರಡು ದಿನದಲ್ಲಿ ತೂಕ ಏರುವುದು ಕಂಡರೆ ಡಿಫರೆನ್ಸಿಯೇಶನ್ ಸಿಂಡ್ರೋಮ್ ಎಂಬ, ಈ ಔಷಧಿಗಳದ್ದೇ ಅಡ್ಡಪರಿಣಾಮ ಇರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಬೇಗ ಬಿದ್ದಷ್ಟು ಒಳ್ಳೆಯದು.

ಕೀಮೋ ಮುಗಿದ ಮೇಲೆ ಮತ್ತೆ ಅದೇ ಜೀನ್

ಮೈಕ್ರೋಸ್ಕೋಪಿನಲ್ಲಿ ಬ್ಲಾಸ್ಟ್ ಕಾಣಲಿಲ್ಲ ಎಂದರೆ ಕಾಯಿಲೆ ಪೂರ್ತಿ ಹೋಯಿತು ಎಂದಲ್ಲ. ಉಳಿದ ಚೂರುಪಾರು ಹುಡುಕುವುದಕ್ಕೆ ಎಂಆರ್‌ಡಿ ಟೆಸ್ಟ್ ಎನ್ನುತ್ತಾರೆ. ಎನ್‌ಪಿಎಂ1 ಇದ್ದವರಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೇ ಕೀಮೋ ಸುತ್ತಿನ ನಂತರ ರಕ್ತದಲ್ಲಿ ಎನ್‌ಪಿಎಂ1 ಕುರುಹು ಉಳಿದಿದ್ದವರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಬಹಳ ಹೆಚ್ಚು ಎಂದು 2016ರಲ್ಲಿ ಬ್ರಿಟನ್‌ನವರು ತೋರಿಸಿದರು. "ಒಳ್ಳೆಯ ಗುಂಪು, ಟ್ರಾನ್ಸ್‌ಪ್ಲಾಂಟ್ ಬೇಡ" ಎಂದಿದ್ದವರಿಗೂ ಅಲ್ಲಿ ಮಾತು ಬದಲಾಗುತ್ತದೆ. ಈ ಟೆಸ್ಟ್ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಆಗಲಿ. ಮೊದಲೆರಡು ಇಲ್ಲಿ, ಮೂರನೆಯದು ಅಗ್ಗಕ್ಕೆ ಸಿಕ್ಕ ಇನ್ನೊಂದು ಕಡೆ ಎಂದಾದರೆ ಅಂಕಿಗಳನ್ನು ಹೋಲಿಸುವುದೇ ಕಷ್ಟ.

ಡಿಎನ್‌ಎಂಟಿ3ಎ, ಟಿಇಟಿ2, ಎಎಸ್‌ಎಕ್ಸ್‌ಎಲ್1 ಈ ಮೂರು ಮಾತ್ರ ಉಳಿದುಕೊಂಡಿದ್ದರೆ ಭಯಪಡಬೇಡಿ. ಇವು ವಯಸ್ಸಾದ ಎಷ್ಟೋ ಜನರ ರಕ್ತದಲ್ಲಿ ಲುಕೇಮಿಯಾ ಇಲ್ಲದೆಯೂ ಇರುತ್ತವೆ, ಎಂಆರ್‌ಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಯಿಲೆ ಮರಳಿದರೆ

ಹಳೆಯ ರಿಪೋರ್ಟ್ ನೋಡಿ ಔಷಧಿ ಬರೆಯಬಾರದು. ಮತ್ತೆ ಟೆಸ್ಟ್ ಮಾಡಿಸಬೇಕು. ಮೊದಲು ಇಲ್ಲದ ಎಫ್‌ಎಲ್‌ಟಿ3 ಈಗ ಬಂದಿರಬಹುದು, ಇದ್ದದ್ದು ಹೋಗಿರಬಹುದು. ಎಫ್‌ಎಲ್‌ಟಿ3 ಇದ್ದರೆ ಗಿಲ್ಟೆರಿಟಿನಿಬ್ ಒಂದು ದಾರಿ. ಆಡ್ಮಿರಲ್ ಅಧ್ಯಯನದಲ್ಲಿ ಮಧ್ಯಮ ಅವಧಿ ಕೀಮೋದಲ್ಲಿ 5.6, ಇದರಲ್ಲಿ 9.3 ತಿಂಗಳು. ಕೆಎಂಟಿ2ಎ ಎಂಬ ಜೀನ್‌ನ ಅದಲು ಬದಲು ಇದ್ದವರಿಗೆ ರೆವುಮೆನಿಬ್ ಎಂಬ ಹೊಸ ಬಗೆಯ ಮಾತ್ರೆಗೆ ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಈ ಅದಲು ಬದಲು ಇದ್ದರೆ ಮೊದಲ ರಿಪೋರ್ಟ್‌ನ ಕ್ರೋಮೋಸೋಮ್ ಪುಟದಲ್ಲಿ 11ನೇ ಕ್ರೋಮೋಸೋಮ್‌ನ ಕ್ಯೂ23 ಎಂದು ಬರೆದಿರುತ್ತದೆ, ಹುಡುಕಿ ನೋಡಿ. ಭಾರತದಲ್ಲಿ ಯಾವ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ ಎಂದು ಸಿಟಿಆರ್‌ಐ ನೋಂದಣಿ ತಾಣದಲ್ಲಿ ಕಾಯಿಲೆ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಇನ್ನೊಬ್ಬ ಡಾಕ್ಟರ ಅಭಿಪ್ರಾಯಕ್ಕೆ ಕಿದ್ವಾಯಿಗೋ ವೆಲ್ಲೂರಿಗೋ ಮುಂಬೈ ಟಾಟಾಕ್ಕೋ ಹೋಗುವಾಗ ಡಿಸ್ಚಾರ್ಜ್ ಸಾರಾಂಶ ಒಂದನ್ನೇ ಹಿಡಿದು ಹೋಗಬೇಡಿ. ಮೊದಲ ದಿನದ ಫ್ಲೋ, ಕ್ಯಾರಿಯೋಟೈಪ್, ಎನ್‌ಜಿಎಸ್ ರಿಪೋರ್ಟ್‌ಗಳ ಎಲ್ಲ ಪುಟಗಳು, ಸ್ಲೈಡ್‌ಗಳು, ಯಾವ ಔಷಧಿ ಯಾವ ತಾರೀಖು ಶುರುವಾಗಿ ಯಾವ ತಾರೀಖು ನಿಂತಿತು ಎಂಬ ಪಟ್ಟಿ, ಮತ್ತು ಡಿಎನ್‌ಎ ಇಟ್ಟುಕೊಂಡಿರುವ ಲ್ಯಾಬಿನ ಸ್ಯಾಂಪಲ್ ನಂಬರ್ ಜೊತೆಗಿರಲಿ.